ಹಾಡಿಗೆ ತಾರೀಖು ಕೇಳಿದ ಸರ್

ನಮ್ಮ ಸರ್ ನಿವೃತ್ತರಾದ ಸುದ್ದಿ ನನಗೆ ಸಿಕ್ಕಿದ್ದು ನೆಲಮಂಗಲದ ಬಸ್ ಸ್ಟ್ಯಾಂಡಿನಲ್ಲಿ, ವಾಟ್ಸಾಪಿಗೆ ಬಂದ ಒಂದು ಫೋಟೊದಿಂದ. ಹೆಗಲ ಮೇಲೆ ಮೂರು ಶಾಲು, ಕೊರಳಲ್ಲಿ ಏಲಕ್ಕಿ ಹಾರ, ತಲೆಯ ಮೇಲೆ ಮೈಸೂರು ಪೇಟ. ಪೇಟ ಅಳತೆಗಿಂತ ದೊಡ್ಡದಾಗಿ ಹುಬ್ಬಿನ ತನಕ ಇಳಿದಿತ್ತು. ಅದರ ಕೆಳಗೆ ದಪ್ಪ ಕನ್ನಡಕ, ಅದರ ಕೆಳಗೆ ಸರ್ ನಗು. ಫೋಟೊ ಹಾಕಿದ್ದ ನಮ್ಮ ಬ್ಯಾಚಿನ ಹುಡುಗ, "ಇನ್ಮೇಲೆ ಯಾರ್ ಏನ್ ಬೇಕಾದ್ರೂ ಬರೀಬಹುದು ಕಣ್ರೋ, ಕೇಳೋರಿಲ್ಲ" ಎಂದು ಬರೆದಿದ್ದ. ಬಸ್ಸು ಬಂದದ್ದೂ ಗೊತ್ತಾಗದಷ್ಟು ಹೊತ್ತು ಅದನ್ನೇ ನೋಡುತ್ತ ನಿಂತಿದ್ದೆ.

ಅವರು ದೊಡ್ಡಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟ್ರು. ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಫೋನು ಮಾಡಿ, ಒಂದೊಂದು ಸಾಲಿಗೂ "ಇದಕ್ಕೆ ಆಧಾರ ಏನಮ್ಮ?" ಎಂದು ಕೇಳುತ್ತಾರೆ. ನಾನೀಗ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಅತಿಥಿ ಶಿಕ್ಷಕಿ. ಎದುರಿಗೆ ನಲವತ್ತು ಮಕ್ಕಳಿದ್ದರೂ ಆ ಒಬ್ಬರ ಭಯ ಇನ್ನೂ ಬಿಟ್ಟಿಲ್ಲ.

ನಾನು ಅವರ ಕೈಗೆ ಸಿಕ್ಕಿಬಿದ್ದದ್ದೇ ಒಂದು ತಮಾಷೆ. ದೊಡ್ಡಬೆಳವಂಗಲದ ಪಕ್ಕದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬಿ.ಎ.ಗೆ ಬರುತ್ತಿದ್ದೆ. ಚರಿತ್ರೆ ತೆಗೆದುಕೊಂಡದ್ದು ಗಣಿತ ಇಲ್ಲ ಅಂತ. ಎರಡನೇ ವರ್ಷ ಅದರ ಜೊತೆಗೆ ಇನ್ನೊಂದು ಪೇಪರನ್ನು ನಾವೇ ಆರಿಸಿಕೊಳ್ಳಬೇಕಿತ್ತು. ಎಲ್ಲರಿಗೂ ಕಂಪ್ಯೂಟರ್ ಪೇಪರೇ ಬೇಕು. ಅವತ್ತು ನನ್ನ ಬಸ್ಸು ತಡವಾಗಿ, ಆಫೀಸಿನ ಕಿಟಕಿ ಮುಟ್ಟುವ ಹೊತ್ತಿಗೆ ಅದು ಭರ್ತಿಯಾಗಿತ್ತು.

"ಸಂಗೀತದ ಚರಿತ್ರೆ ಒಂದೇ ಉಳಿದಿರೋದು ಕಣಮ್ಮ" ಎಂದರು ಕ್ಲರ್ಕು. "ಹಾಡೋಕ್ ಬರುತ್ತಾ?"

"ಇಲ್ಲ ಸರ್."

"ಪರವಾಗಿಲ್ಲ, ಪಾಠ ಮಾಡೋರ್ಗೂ ಬರಲ್ಲ. ಹೋಗು."

ಅದು ಹುಸಿಮಾತೇನಲ್ಲ. ಸರ್‌ಗೆ ಒಂದು ಸಾಲು ಕೂಡ ಶ್ರುತಿಯಲ್ಲಿ ಬರುತ್ತಿರಲಿಲ್ಲ. ತಾಳ ಹಾಕಿದರೆ ಎಂಟು ಪೆಟ್ಟಿನ ಆದಿತಾಳಕ್ಕೆ ಏಳೇ ಬೀಳುತ್ತಿತ್ತು, ಒಮ್ಮೊಮ್ಮೆ ಒಂಬತ್ತು. ನಮ್ಮ ತರಗತಿಯಲ್ಲಿ ಸಂಗೀತ ಪಾಠಕ್ಕೆ ಹೋಗುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಸರ್ ಅದನ್ನು ನೋಡಿ, "ತಾಳ ನೀನು ನೋಡ್ಕೋ, ಕಾಲ ನಾನು ನೋಡ್ಕೋತೀನಿ" ಎಂದು ಸೀಮೆಸುಣ್ಣ ಅವಳ ಕೈಗೇ ಕೊಟ್ಟುಬಿಟ್ಟರು. ಅವತ್ತಿನಿಂದ ವರ್ಷದ ಕೊನೆಯವರೆಗೂ ತಾಳಗಳ ಪಾಠ ಮಾಡಿದ್ದು ಅವಳೇ. ಸರ್ ಮೊದಲ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದರು.

ನೋಡಲು ಸಣಕಲು ಮನುಷ್ಯ. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಬಣ್ಣ ಹೋದ ಸ್ಕೂಟರು. ಅವರ ಮನೆ ಊರೊಳಗೆ, ಮಗ್ಗಗಳ ಬೀದಿಯಲ್ಲಿ. ಮನೆಮಾತು ದಖ್ಖನಿ. ಪಾಠದ ಮಧ್ಯೆ ಮನೆಯವರ ಫೋನು ಬಂದರೆ ಕಿಟಕಿಯ ಕಡೆ ತಿರುಗಿ, "ಹೌ, ಹೌ, ಲಾತೂಂ" ಎಂದು ಮೆಲ್ಲಗೆ ಹೇಳಿ ಇಡುತ್ತಿದ್ದರು. "ಏನ್ ಸರ್ ತಗೊಂಡ್ಹೋಗ್ಬೇಕು?" ಎಂದು ನಾವು ಕೇಳಿದರೆ, "ಕೊತ್ತಂಬರಿ. ಇದು ಸಿಲಬಸ್‌ನಲ್ಲಿಲ್ಲ" ಎನ್ನುತ್ತಿದ್ದರು. ಹಾಗೆ ಹೇಳಿದ ಕೂಡಲೇ ಬಿಟ್ಟ ವಾಕ್ಯವನ್ನು ಬಿಟ್ಟ ಜಾಗದಿಂದಲೇ ಎತ್ತಿಕೊಳ್ಳುವರು.

ಮೊದಲ ದಿನ ನಾವು ಹನ್ನೊಂದು ಜನ ಇದ್ದೆವು. ಸರ್ ಪುಸ್ತಕ ತೆಗೆಯಲೇ ಇಲ್ಲ. "ಬೆಳಗ್ಗೆ ಎದ್ದಾಗಿಂದ ಏನೇನು ಕೇಳಿಸ್ತು, ಹೇಳಿ" ಎಂದರು. ಸುಪ್ರಭಾತ, ಬಾಂಗು, ಪವರ್‌ಲೂಮಿನ ಟಕಟಕ, ಕಂಡಕ್ಟರನ ಸೀಟಿ, ಅಮ್ಮನ ಬೈಗುಳ ಎಲ್ಲವೂ ಬೋರ್ಡಿನ ಮೇಲೆ ಬಂದವು. ಆಮೇಲೆ ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ ಬರೆದರು: ಇದು ಯಾವತ್ತಿನಿಂದ? ನಮ್ಮೂರಿಗೆ ಮೊದಲ ಮೈಕು ಬಂದದ್ದು ಯಾವಾಗ? ಅದಕ್ಕೂ ಮುಂಚೆ ಬೆಳಗಾದದ್ದು ಹೇಗೆ ಗೊತ್ತಾಗುತ್ತಿತ್ತು? ಅಮ್ಮನ ಬೈಗುಳಕ್ಕೆ ಮಾತ್ರ "ಇದಕ್ಕೆ ಕಾಲ ನಿರ್ಣಯ ಕಷ್ಟ" ಎಂದು ಬರೆದು ಡಸ್ಟರಿನಿಂದ ಕೈ ಒರೆಸಿಕೊಂಡರು. ಚರಿತ್ರೆ ಅಂದರೆ ಯುದ್ಧ, ಒಪ್ಪಂದ ಎಂದುಕೊಂಡಿದ್ದ ನನಗೆ ಅವತ್ತು ಮನೆಗೆ ಹೋಗುವ ದಾರಿಯೆಲ್ಲ ಹೊಸದಾಗಿ ಕೇಳಿಸಿತು.

ಅವರದೊಂದು ಪದ್ಧತಿ ಇತ್ತು. ಬೋರ್ಡಿನ ಮೇಲೆ ಗೆರೆ ಎಳೆದು ಮೂರು ಮನೆ ಮಾಡಿ ಕಂಡದ್ದು, ಕೇಳಿದ್ದು, ಕಟ್ಟಿದ್ದು ಎಂದು ಬರೆಯುವುದು. ನಾವು ಏನೇ ಹೇಳಿದರೂ ಅದು ಯಾವ ಮನೆಗೆ ಸೇರಬೇಕೆಂದು ನಾವೇ ತೀರ್ಮಾನಿಸಬೇಕು. ಈ ರೋಗ ಕ್ಯಾಂಟೀನಿಗೂ ಹರಡಿತು. ಗೆಳತಿಯೊಬ್ಬಳು, "ಅವ್ನು ಬಸ್ಸಲ್ಲಿ ನನ್ ನೋಡೇ ನಕ್ಕಿದ್ದು ಕಣೆ" ಎಂದರೆ ಉಳಿದವರೆಲ್ಲ ಒಟ್ಟಿಗೆ "ಕಟ್ಟಿದ್ದು!" ಎಂದು ಕೂಗುವರು. ಉತ್ತರ ಪತ್ರಿಕೆಯಲ್ಲಿ ಯಾರಾದರೂ "ಅನಾದಿ ಕಾಲದಿಂದಲೂ" ಎಂದು ಶುರು ಮಾಡಿದರೆ ಮುಗಿಯಿತು. ಅದರ ಸುತ್ತ ಕೆಂಪು ಸೊನ್ನೆ, ಪಕ್ಕದಲ್ಲಿ "ತಾರೀಖು?"

ಇಷ್ಟೆಲ್ಲ ಎಚ್ಚರಿಕೆಯ ಮೇಷ್ಟ್ರ ಶಿಷ್ಯೆಯಾಗಿ ನಾನು ಮಾಡಿದ ಘನಕಾರ್ಯವನ್ನು ಈಗ ಹೇಳಬೇಕು.

ಪ್ರಾಜೆಕ್ಟಿಗೆಂದು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಹಾಡುವ ಒಂದು ಹಾಡನ್ನು ತರಬೇಕಿತ್ತು. ಯಾರು ಹಾಡಿದರು, ಯಾರಿಂದ ಕಲಿತರು, ಯಾವ ಕಾಲದ್ದು ಎಂಬುದನ್ನೆಲ್ಲ ಬರೆಯಬೇಕು. ನಮ್ಮ ಅಜ್ಜಿ ಮದುವೆ ಮನೆಗಳಲ್ಲಿ ಸೋಬಾನೆ ಹೇಳುವುದರಲ್ಲಿ ಸುತ್ತ ನಾಲ್ಕು ಹಳ್ಳಿಗೆ ಹೆಸರುವಾಸಿ. ಅವಳನ್ನು ಕೂರಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅದರಲ್ಲೊಂದು ಪದ ನನ್ನ ಕಣ್ಣರಳಿಸಿತು:

ಆವತಿ ಕೋಟೆಯ ದೊರೆಮಗಳು ಬಂದಾಳೆ
ಹೂವಿನ ಜಡೆಯ ಇಳಿಬಿಟ್ಟು | ನಮ್ಮನೆ
ದೇವರ ಕೋಣೆ ಬೆಳಗ್ಯಾಳೆ

ಆವತಿ! ಕೋಟೆ! ದೊರೆ! ನಮ್ಮ ಕಡೆ ಚರಿತ್ರೆ ಓದುವ ಮಕ್ಕಳಿಗೆ ಒಂದು ಚಪಲ ಇದೆ. ಹಳೆಯ ಕಲ್ಲು ಕಂಡರೂ, ಮುರಿದ ಒರಳು ಕಂಡರೂ ಒಂದು ಕಾಲಕ್ಕೆ ಈ ಸೀಮೆ ಆಳಿದ ಆವತಿಯ ಪಾಳೆಯಗಾರರಿಗೆ ಗಂಟು ಹಾಕದೆ ಬಿಡುವುದಿಲ್ಲ. ನಾನೂ ಹಾಕಿದೆ. ಪಾಳೆಯಗಾರರ ಮನೆಯ ಹೆಣ್ಣು ನಮ್ಮೂರಿಗೆ ಸೊಸೆಯಾಗಿ ಬಂದಿದ್ದಳೆಂದೂ, ಹಾಡು ಏನಿಲ್ಲವೆಂದರೂ ಮುನ್ನೂರು ವರ್ಷ ಹಳೆಯದೆಂದೂ ಇಪ್ಪತ್ತನಾಲ್ಕು ಪುಟ ಬರೆದೆ. ಒಂದೇ ಒಂದು ತೊಡಕಿತ್ತು. ಹಾಡಿನ ಕೊನೆಗೆ ಇನ್ನೊಂದು ಪದ ಬರುತ್ತಿತ್ತು:

ಎತ್ತಿನ ಬಂಡೀಲಿ ಬರುತಿದ್ದ ಬೀಗರು
ಹತ್ತಿ ಬಂದವ್ರೆ ಲಾರೀಯ | ನಮ್ಮೂರ
ಮುತ್ತೈದೇರ ಸೆರಗೆಲ್ಲ ಕೆಂಧೂಳು

ಮುನ್ನೂರು ವರ್ಷದ ಹಾಡಿನಲ್ಲಿ ಲಾರಿ ಎಲ್ಲಿಂದ ಬರಬೇಕು? ಯಾರೋ ಆಮೇಲೆ ಸೇರಿಸಿದ ಕಸ ಎಂದುಕೊಂಡೆ. ಆ ಪದವನ್ನು ಬರೆಯದೆ ಬಿಟ್ಟೆ. ರೆಕಾರ್ಡಿಂಗನ್ನೂ ಅಲ್ಲಿಗೆ ಕತ್ತರಿಸಿದೆ.

ಸರ್ ಪ್ರಾಜೆಕ್ಟು ಓದಿ ಎಷ್ಟು ಸಂತೋಷಪಟ್ಟರೆಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದರು. ಅದಕ್ಕೆ ಕಾರಣವೂ ಇತ್ತು. ಹನ್ನೊಂದು ಜನಕ್ಕಾಗಿ ಒಂದು ಪೇಪರ್ ನಡೆಸುವುದು ಕಷ್ಟ, ಮುಂದಿನ ವರ್ಷದಿಂದ ಸಂಗೀತದ ಚರಿತ್ರೆ ನಿಲ್ಲಿಸೋಣ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಸರ್ ಗೋಗರೆದು, ಒಂದು ವಿಚಾರ ಸಂಕಿರಣ ಮಾಡುತ್ತೇವೆ, ಮಕ್ಕಳ ಕೆಲಸ ನೋಡಿ ಆಮೇಲೆ ತೀರ್ಮಾನಿಸಿ ಎಂದು ಒಪ್ಪಿಸಿದ್ದರು. ಮುನ್ನೂರು ವರ್ಷದ ಸೋಬಾನೆ ಎಂದರೆ ಯಾರು ತಾನೇ ಬರುವುದಿಲ್ಲ? ಪ್ರಿನ್ಸಿಪಾಲರು ಅದನ್ನೇ ಆಮಂತ್ರಣ ಪತ್ರಿಕೆಯಲ್ಲಿ ಹಾಕಿಸಿದರು, ದೊಡ್ಡದೊಂದು ಬ್ಯಾನರನ್ನೂ ಮಾಡಿಸಿದರು. ನನ್ನ ಹೆಸರು ಅಷ್ಟು ದೊಡ್ಡ ಅಕ್ಷರದಲ್ಲಿ ನಾನು ನೋಡಿದ್ದು ಅದೇ ಮೊದಲು. ತಪ್ಪು ಮಾಡಿದ್ದೇನೆಂದು ಅನ್ನಿಸಲೇ ಇಲ್ಲ, ಹೆಮ್ಮೆಯಿಂದ ಹಿಗ್ಗಿಹೋದೆ.

ಆದರೆ ಸರ್‌ಗೆ ಇನ್ನೊಂದು ಅಭ್ಯಾಸ ಇತ್ತು. ಪ್ರಾಜೆಕ್ಟು ಮಾಡಿದ ಹನ್ನೊಂದು ಜನರ ಮನೆಗೂ ಹೇಳದೆ ಕೇಳದೆ ಹೋಗಿ, ಹಾಡಿದವರನ್ನು ತಾವೇ ಕಂಡು ಬರುವುದು. ಸಂಕಿರಣಕ್ಕೆ ಆರು ದಿನ ಇದ್ದಾಗ ಭಾನುವಾರ ಬೆಳಗ್ಗೆ ನಮ್ಮ ಮನೆಯ ಮುಂದೆ ಆ ಸ್ಕೂಟರು ಬಂದು ನಿಂತಿತು. ಅಜ್ಜಿ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ನಮಸ್ಕಾರ ತಾಯಿ. ನಿಮ್ಮ ಮೊಮ್ಮಗಳ ಮೇಷ್ಟ್ರು ನಾನು" ಎಂದವರೇ ಚಪ್ಪಲಿ ಬಿಟ್ಟು, ಅಜ್ಜಿಯ ಎದುರು ಕೂತು, ತಾವೂ ಒಂದು ಹಿಡಿ ಅವರೆಕಾಯಿ ಎಳೆದುಕೊಂಡರು. ಕೈಗೆ ಕೆಲಸ ಇದ್ದರೆ ಗಂಟಲು ತಾನಾಗಿ ಬಿಟ್ಟುಕೊಳ್ಳುತ್ತದೆ ಎಂದು ಅವರು ತರಗತಿಯಲ್ಲಿ ಹೇಳುತ್ತಿದ್ದುದು ನೆನಪಾಗಿ ನಾನು ಬಾಗಿಲಿಗೆ ಬಂದು ನಿಂತೆ.

ಹಾಗೇ ಆಯಿತು. ಅರ್ಧ ಮೊರ ಸುಲಿಯುವಷ್ಟರಲ್ಲಿ ಅಜ್ಜಿ ಹಾಡಲು ಶುರು ಮಾಡಿದಳು. ಆವತಿಯ ಪದ ಬಂತು. ಸರ್ ಕೇಳಿದರು, "ಈ ದೊರೆಮಗಳು ಯಾರು ತಾಯಿ?"

"ಇನ್ಯಾರು, ನಮ್ಮತ್ತೆ. ಅವಳ ತೌರು ಆವತಿ. ತನ್ ಮದ್ವೆ ಪದ ತಾನೇ ಕಟ್ಕೊಂಡವ್ಳೆ ನೋಡಿ!"

"ಮತ್ತೆ ಕೋಟೆ, ದೊರೆ ಅಂತೆಲ್ಲ ಇದೆಯಲ್ಲ?"

ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಅಯ್ಯೋ, ಮದ್ವೆ ದಿನ ಎಲ್ಲ ಹೆಣ್ಮಕ್ಳೂ ದೊರೆ ಮಕ್ಳೇ ಕಣಪ್ಪಾ. ಮಾರ್ನೇ ದಿನದಿಂದ ಸಗಣಿ ಬಾಚದು ಇದ್ದೇ ಐತಲ್ಲ."

ಸರ್ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾನು ಬಾಗಿಲ ಹಿಂದಕ್ಕೆ ಸರಿದೆ. ಅಜ್ಜಿ ಅಷ್ಟಕ್ಕೇ ಬಿಡದೆ ಲಾರಿಯ ಪದವನ್ನೂ ರಾಗವಾಗಿ ಎಳೆದು ಹೇಳಿದಳು. "ಇದು ನಾನೇ ಕಟ್ಟಿದ್ದು. ನಮ್ ನಾದ್ನಿ ಮದ್ವೇಲಿ. ಬೀಗ್ರು ಲಾರಿ ಮಾಡ್ಕಂಡ್ ಬಂದಿದ್ರು. ನಮ್ಮೂರ್ಗೆ ಲಾರೀಲಿ ಬಂದ ಮೊದ್ಲ ದಿಬ್ಬಣ ಅದು. ನಿಂತ್ಕಂಡಂಗೇ ಕಟ್ಬುಟ್ಟೆ. ಬೀಗ್ರ ಮಕ ನೋಡ್ಬೇಕಿತ್ತು!"

"ಆಗ ನಿಮ್ಮ ಮಕ್ಕಳು ಎಷ್ಟು ದೊಡ್ಡವರು?"

"ಹಿರೀ ಮಗ ತೊಟ್ಲಲ್ಲಿದ್ದ."

ಸರ್ ನಮ್ಮ ದೊಡ್ಡಪ್ಪನ ವಯಸ್ಸು ಕೇಳಿ, ಬೆರಳು ಮಡಿಸಿ ಲೆಕ್ಕ ಹಾಕಿದರು. ಅಷ್ಟರಲ್ಲಿ ಅಜ್ಜಿ ನನ್ನ ಕಡೆ ತಿರುಗಿ, "ಇವೆಲ್ಲ ನಿಂಗ್ ಹೇಳ್ಕೊಟ್ಟಿದ್ನಲ್ಲೇ, ಲಾರಿ ಪದ ಬರ್ಕಂಡಿಲ್ವಾ?" ಎಂದಳು.

ಆ ಗಳಿಗೆಯಲ್ಲಿ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಸರ್ ನನ್ನನ್ನೊಮ್ಮೆ ನೋಡಿದರು. ಆಮೇಲೆ ಅಜ್ಜಿಗೆ ಹೇಳಿದರು, "ಬರ್ಕೊಂಡಿದಾಳೆ ತಾಯಿ. ಒಂದು ಹಾಳೆ ಎಲ್ಲೋ ಬಿದ್ದುಹೋಗಿದೆ, ಅಷ್ಟೇ." ಎಲ್ಲದಕ್ಕೂ ಆಧಾರ ಕೇಳುವ ಮನುಷ್ಯ ನನಗೋಸ್ಕರ ಸುಳ್ಳು ಹೇಳಿದ್ದು ಆ ಒಂದು ಸಲ.

ಸ್ಕೂಟರಿನ ಹತ್ತಿರ ಹೋದಾಗ ಬೈಗುಳಕ್ಕೆ ಕಾದು ನಿಂತೆ. ಅವರು ಬೈಯಲಿಲ್ಲ. "ಮುನ್ನೂರು ವರ್ಷ ಸೇರಿಸೋಕೆ ಹೋಗಿ, ಮನೇಲಿರೋ ಅಜ್ಜೀನೇ ತೆಗೆದುಹಾಕ್ಬಿಟ್ಟೆಯಲ್ಲಮ್ಮ" ಎಂದರು. ನನಗೆ ಅಳು ಬಂತು. ಅವರು ಕನ್ನಡಕ ಒರೆಸುತ್ತ ನಿಧಾನವಾಗಿ ತಮ್ಮ ತಂದೆಯ ಕಥೆ ಹೇಳಿದರು. ತಂದೆ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ದೊಡ್ಡಬಳ್ಳಾಪುರದ ಸುತ್ತ ಯಾರ ಮನೆಯ ಮದುವೆಯಾದರೂ ಮುಂದೆ ನಡೆಯುತ್ತಿದ್ದವರು ಅವರೇ. ಮಗನಿಗೂ ಕಲಿಸಲು ಹೋಗಿ, ಎರಡೇ ದಿನಕ್ಕೆ ವಾದ್ಯ ಕಿತ್ತುಕೊಂಡು ಶಾಲೆಗೆ ಅಟ್ಟಿದ್ದರಂತೆ. "ಅಷ್ಟು ಮದುವೆಗಳ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ಕೂಡ ಇರುತ್ತಿತ್ತು. ಅಪ್ಪನ ಹೆಸರು ಎಲ್ಲೂ ಇಲ್ಲ. ಈ ಪೇಪರ್ ನಾನು ಶುರು ಮಾಡಿದ್ದೇ ಅದಕ್ಕೆ ಕಣಮ್ಮ."

"ಸರ್, ನಿಜ ಹೇಳಿದ್ರೆ ಆ ಪೇಪರ್ರೇ ನಿಂತುಹೋಗುತ್ತಲ್ವಾ?"

"ನಿಲ್ಲಬಹುದು."

"ಸುಮ್ನೆ ಇದ್ದುಬಿಟ್ರೆ? ಯಾರಿಗೂ ಗೊತ್ತಾಗಲ್ಲ ಸರ್."

"ನಮ್ಮಿಬ್ಬರಿಗೆ ಗೊತ್ತಲ್ಲ" ಎಂದು ಸ್ಕೂಟರ್ ಸ್ಟಾರ್ಟ್ ಮಾಡಿದರು. "ಶನಿವಾರ ಅಜ್ಜೀನೂ ಕರ್ಕೊಂಡು ಬಾ. ನೀನೇ ನಿಂತು ಹೇಳ್ಬೇಕು. ಹಾಡು ಹಳೇದಾದಷ್ಟೂ ದೊಡ್ಡದು ಅಂತ ನನಗೂ ಆಸೆ ಬಿತ್ತು. ಹಾಡಿದವರನ್ನ ಕೇಳದೇ ಎಲ್ಲರಿಗೂ ಹೇಳಿಬಿಟ್ಟೆ. ಅದನ್ನ ನಾನು ಹೇಳ್ತೀನಿ."

ಆ ವಾರ ಇಪ್ಪತ್ತನಾಲ್ಕು ಪುಟ ಹರಿದು ಒಂಬತ್ತು ಪುಟ ಬರೆದೆ. ಶನಿವಾರ ಅಜ್ಜಿ ಹೊಸ ಸೀರೆ ಉಟ್ಟು, ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ "ಕಾಲೇಜ್ಗೆ ಹೊಂಟಿವ್ನಿ" ಎಂದು ಹೇಳಿಕೊಂಡು ಬಂದಳು.

ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದೆ ಬ್ಯಾನರು: ಮುನ್ನೂರು ವರ್ಷಗಳ ಸೋಬಾನೆ. ಮೈಕಿನ ಮುಂದೆ ಹೋಗಿ ನಿಂತೆ. "ನನ್ನ ಹಿಂದಿರೋ ಬ್ಯಾನರ್ ತಪ್ಪು" ಎಂದೆ. ಆಮೇಲಿನದ್ದೆಲ್ಲ ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ಲಾರಿ ಪದ ಬಿಟ್ಟಿದ್ದು, ರೆಕಾರ್ಡಿಂಗ್ ಕತ್ತರಿಸಿದ್ದು, ಯಾಕೆ ಕತ್ತರಿಸಿದೆ ಎಂಬುದು, ಎಲ್ಲ ಹೇಳಿದೆ. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರ ಮುಖ ಕೆಂಪಗಾಯಿತು. ಸರ್ ಎದ್ದು ಬಂದು ನನ್ನ ಪಕ್ಕ ನಿಂತರು. "ವಿದ್ಯಾರ್ಥಿನಿ ಬರೆದಳು, ನಾನು ಪರೀಕ್ಷಿಸದೆ ನಂಬಿ ಊರಿಗೆಲ್ಲ ಹೇಳಿದೆ. ಹೆಚ್ಚು ತಪ್ಪು ನನ್ನದು. ಈಗ ಹಾಡು ಕಟ್ಟಿದವರೇ ಇಲ್ಲಿದ್ದಾರೆ, ಕೇಳಿ" ಎಂದು ಅಜ್ಜಿಯನ್ನು ಕರೆದರು.

ಅಜ್ಜಿ ಮೈಕನ್ನು ಮುದ್ದೆ ತೊಳಸುವ ಕೋಲಿನಂತೆ ಎರಡೂ ಕೈಯಲ್ಲಿ ಹಿಡಿದಳು. ಹಾಡು ಶುರುವಾಯಿತು. ಲಾರಿಯ ಪದ ಬಂದಾಗ ಹುಡುಗಿಯರು ಕಿಸಕ್ಕನೆ ನಕ್ಕರು, ಅಜ್ಜಿಗೆ ಹುರುಪು ಬಂದು ಬೀಗರ ಮೇಲೆ ಇನ್ನೂ ಎರಡು ಪದ ಹೇಳಿದಳು. ನಗು, ಚಪ್ಪಾಳೆ, ಶಿಳ್ಳೆ. ಎಲ್ಲ ಮುಗಿದ ಮೇಲೆ ಪ್ರಿನ್ಸಿಪಾಲರೇ ಎದ್ದು, "ಅಮ್ಮಾ, ಆ ಲಾರೀದು ಇನ್ನೊಂದ್ ಸಲ ಹೇಳ್ತೀರಾ?" ಎಂದು ಕೇಳಿದರು. ಹೊರಗೆ ಬಂದಾಗ ಪ್ರಿನ್ಸಿಪಾಲರು ಸರ್ ಅವರ ಹೆಗಲ ಮೇಲೆ ಕೈ ಹಾಕಿ, "ಮುಂದಿನ ವರ್ಷಾನೂ ನಡೀಲಿ ಬಿಡಿ ಸರ್. ಆದ್ರೆ ಬ್ಯಾನರ್ ಬರೆಸೋ ಮುಂಚೆ ಒಂದ್ಸಲ ಹೋಗಿ ಕೇಳ್ಕೊಂಡ್ ಬನ್ನಿ" ಎಂದರು. ಪೇಪರ್ ಉಳಿಯಿತು. ಮುಂದಿನ ವರ್ಷ ಇಪ್ಪತ್ತಾರು ಜನ ಸೇರಿದರು, ಅದರಲ್ಲಿ ಕೆಲವರು ಕಂಪ್ಯೂಟರ್ ಪೇಪರ್ ಬಿಟ್ಟು ಬಂದವರು.

ಅವತ್ತು ಮಧ್ಯಾಹ್ನ ಊಟ ಮುಗಿಸಿ ಚರಿತ್ರೆ ವಿಭಾಗದ ಸಣ್ಣ ಕೋಣೆಯಲ್ಲಿ ನಾವು ಮೂವರೇ ಕೂತಿದ್ದೆವು. ಹಾಡಿದವರಿಗೆ ಓದಿ ಹೇಳಿ, ಅವರ ಒಪ್ಪಿಗೆ ಪಡೆಯದೆ ಸರ್ ಯಾವ ಪ್ರಾಜೆಕ್ಟನ್ನೂ ಕಪಾಟಿಗೆ ಸೇರಿಸುತ್ತಿರಲಿಲ್ಲ. ನನ್ನ ಒಂಬತ್ತು ಪುಟವನ್ನು ತೆಗೆದು ಮೊದಲ ಹಾಳೆ ಓದಿದರು. "ಹಾಡು ಕಟ್ಟಿದವರು: ಪಿಳ್ಳಮ್ಮ."

ಅಜ್ಜಿ ಹಾಳೆಯತ್ತ ಬಗ್ಗಿದಳು. "ಇದ್ರಾಗೆ ಯಾವ್ದು ನಾನು?"

ಸರ್ ಪೆನ್ನಿನ ತುದಿಯಿಂದ ತೋರಿಸಿದರು. ಅಜ್ಜಿ ಆ ಮೂರು ಅಕ್ಷರಗಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಎಲ್ಲಾನೂ ನನ್ ತಲೆಗೆ ಕಟ್ಬ್ಯಾಡಿ. ಲಾರೀದು, ಬೀಗ್ರದು, ಅವು ನಂದು. ಮೊದ್ಲದೆಲ್ಲ ನಮ್ಮತ್ತೇದು. ಅವಳ್ದೂ ಹಾಕಿ."

"ಅವರ ಹೆಸರು ತಾಯಿ?"

ಅಜ್ಜಿಯ ಕಾಲದ ಸೊಸೆಯರು ಗಂಡನ ಹೆಸರನ್ನೂ ಅತ್ತೆಯ ಹೆಸರನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅತ್ತೆ ಸತ್ತು ಅಷ್ಟು ವರ್ಷವಾದರೂ ಅಜ್ಜಿಯ ಬಾಯಲ್ಲಿ ಅವಳು ಬರೀ "ನಮ್ಮತ್ತೆ." ನಮ್ಮಪ್ಪನಿಗೆ ಅವಳು "ಅಜ್ಜಿ." ಅವಳಿಗೊಂದು ಹೆಸರಿತ್ತು ಎಂಬುದನ್ನೇ ನಾನು ಯೋಚಿಸಿರಲಿಲ್ಲ. ಸರ್ ಒತ್ತಾಯ ಮಾಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಕಾದರು.

"ನನ್ನೇನ್ ಸುಖವಾಗಿ ಇಟ್ಕಂಡಿರ್ಲಿಲ್ಲ ಆ ಪುಣ್ಯಾತ್ಗಿತ್ತಿ" ಎಂದಳು ಅಜ್ಜಿ. "ಆದ್ರೂ ಪದ ಅವಳ್ದೇ." ಆಮೇಲೆ ಅತ್ತೆ ಬಾಗಿಲಲ್ಲೇ ನಿಂತಿದ್ದಾಳೆ ಎನ್ನುವಂತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ನೆಲ ನೋಡುತ್ತ ಮೆಲ್ಲಗೆ ಹೇಳಿದಳು, "ಅಕ್ಕಯ್ಯಮ್ಮ."

ಸರ್ ಬರೆದುಕೊಂಡರು. ಬರೆದು ಮುಗಿಸಿದ್ದನ್ನು ನಾನು ಕಣ್ಣಾರೆ ನೋಡಿದೆ. ಆದರೂ ತಲೆಯೆತ್ತಿ, "ಸರಿಯಾಗಿ ಕೇಳಿಸಲಿಲ್ಲ ತಾಯಿ, ಇನ್ನೊಂದು ಸಲ ಹೇಳಿ" ಎಂದರು.

ಅಜ್ಜಿ ಸೆರಗು ಹಿಂದಕ್ಕೆ ಸರಿಸಿ ನೆಟ್ಟಗೆ ಕೂತಳು. "ಅಕ್ಕಯ್ಯಮ್ಮ!" ಎಂದಳು, ಹೊರಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ಹುಡುಗರು ನಿಂತು ನೋಡುವಷ್ಟು ಗಟ್ಟಿಯಾಗಿ.